ಪದ ಪರಿಚಯ: ಪ್ರೋಗ್ರೆಸ್ ಟೆಸ್ಟ್

ಭಾಷಾ ತರಗತಿಯಲ್ಲಿ ಕಳೆದ ಎರಡು-ಮೂರು ವಾರ ಕಲಿಸಿದ್ದು ದಕ್ಕಿದೆಯೇ ಎಂದು ನೋಡುವ ಕಿರು ಪರೀಕ್ಷೆಗೆ ಪ್ರೋಗ್ರೆಸ್ ಟೆಸ್ಟ್ ಎನ್ನುತ್ತಾರೆ. ನಮ್ಮ ಶಾಲೆಗಳ ಘಟಕ ಪರೀಕ್ಷೆ ಇದರ ಹತ್ತಿರದ ನೆಂಟ. ಯಾವ ತರಗತಿಗೆ ಸೇರಬೇಕೆಂದು ಹೇಳುವುದು ಪ್ಲೇಸ್‌ಮೆಂಟ್ ಟೆಸ್ಟ್. ಐಇಎಲ್‌ಟಿಎಸ್‌ನಂಥ, ವಿದೇಶದಲ್ಲಿ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ನೀವು ಎಲ್ಲಿ, ಏನು ಓದಿದಿರಿ ಎಂಬುದು ಬೇಕಿಲ್ಲ. ಪ್ರೋಗ್ರೆಸ್ ಟೆಸ್ಟ್ ಮಾತ್ರ ಮಾಡಿದ ಪಾಠದ ಗಡಿ ದಾಟುವಂತಿಲ್ಲ.

ಭಾಷೆ ಕಲಿಯುವವರಲ್ಲಿ ಇಂಟರ್‌ಮೀಡಿಯೆಟ್, ಅಂದರೆ ನಡುಮಟ್ಟದವರು, ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ವರೆಗೆ ಆರು ಹಂತಗಳಲ್ಲಿ ಅಳೆಯುವ ಯುರೋಪಿನ ಸಿಇಎಫ್‌ಆರ್ ಅಳತೆಯಲ್ಲಿ ಸರಿಸುಮಾರು ಬಿ1 ಹಂತದಲ್ಲಿರುತ್ತಾರೆ. ಈ ಪರೀಕ್ಷೆ ಹೆಚ್ಚು ಬೇಕಾಗುವುದು ಇಲ್ಲೇ. ಹೊಸಬರಿಗೆ ದಿನಕ್ಕೊಂದು ಹೊಸ ವಾಕ್ಯ ಬಂದರೂ ಬೆಳೆದದ್ದು ಕಾಣುತ್ತದೆ. ಬಿ1 ತಲುಪಿದವರಿಗೆ ಹೇಗೋ ಮಾತು ನಡೆದುಹೋಗುತ್ತದೆ, ತಪ್ಪು ಹಾಗೇ ಬೇರೂರುತ್ತದೆ.

ಕನ್ನಡಿಗರ ತರಗತಿಯದೇ ಉದಾಹರಣೆ ನೋಡಿ. ‘2015ರಿಂದ’, ‘ಹತ್ತು ವರ್ಷದಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್. ಜೊತೆಗೆ ‘ಇದ್ದೇನೆ’ ಎನ್ನುವ ಕಡೆ ‘ಹ್ಯಾವ್ ಬೀನ್’ ಬೇಕು. ಹಾಗಾಗಿ ‘ಐ ಆ್ಯಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯ ಸಲೀಸಾಗಿ ಹೊರಬರುತ್ತದೆ. ಇದನ್ನು ಒಂದೇ ಪ್ರಶ್ನೆಯಲ್ಲಿ ಪರೀಕ್ಷಿಸಿದರೆ ಪ್ರಯೋಜನವಿಲ್ಲ: ಎರಡರಲ್ಲೊಂದು ಆರಿಸುವಾಗ ಕಣ್ಣುಮುಚ್ಚಿ ಬರೆದರೂ ಅರ್ಧದಷ್ಟು ಸಲ ಸರಿಯಾಗುತ್ತದೆ. ಅಂಥ ಮೂರು ಪ್ರಶ್ನೆ ಕೊಟ್ಟರೆ ಮೂರೂ ಊಹೆಯಿಂದಲೇ ಸರಿಯಾಗುವ ಸಾಧ್ಯತೆ ಎಂಟರಲ್ಲೊಂದು. ಜೊತೆಗೆ ಇನ್ನೊಂದು ಪ್ರಶ್ನೆಯಲ್ಲಿ ವಿದ್ಯಾರ್ಥಿಗಳಿಂದ ತಮ್ಮ ಬಗ್ಗೆಯೇ ಸ್ವಂತ ವಾಕ್ಯ ಬರೆಸಿ. ನಿಜ ಬಯಲಾಗುವುದು ಅಲ್ಲೇ.

ಒಟ್ಟು 20 ಪ್ರಶ್ನೆ ಸಾಕು. ಅದರಲ್ಲಿ ಐದಾರು ಹಿಂದಿನ ಘಟಕಗಳದ್ದಿರಲಿ, ಇಲ್ಲದಿದ್ದರೆ ಟೆಸ್ಟ್ ಮುಗಿದ ಮರುದಿನವೇ ಮರೆಯುವ ಚಾಳಿ ಬೀಳುತ್ತದೆ. ಪಾಠ ಮುಗಿದ ಸಂಜೆಯೇ ಪರೀಕ್ಷೆ ಇಟ್ಟರೆ ಸಿಗುವುದು ನೆನಪಿನ ಅಳತೆ, ಕಲಿಕೆಯದ್ದಲ್ಲ. ಒಂದು ವಾರ ಬಿಡಿ. ಪುಸ್ತಕದ ವಾಕ್ಯಗಳನ್ನು ಹಾಗೇ ಎತ್ತಿಡುವುದೂ ಇದೇ ತಪ್ಪು. ವ್ಯಾಕರಣ ಅದೇ ಇರಲಿ, ವಾಕ್ಯ ಹೊಸದಿರಲಿ. ತಿಂಗಳಿಡೀ ಮಾತಾಡಿಸಿ ಕೊನೆಗೆ ಬರೀ ಬಿಟ್ಟ ಸ್ಥಳ ತುಂಬಿಸಿದರೆ, ಮುಂದಿನ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ. ಎರಡು ನಿಮಿಷದ ಜೋಡಿ ಸಂಭಾಷಣೆಗೂ ಅಂಕವಿರಲಿ.

ತಿದ್ದಿದ ಮೇಲೆ ಪ್ರಶ್ನೆವಾರು ತಪ್ಪು ಎಣಿಸಿ. ಒಟ್ಟು ಅಂಕಕ್ಕಿಂತ ಈ ಲೆಕ್ಕವೇ ಮುಖ್ಯ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. 30 ಜನರಲ್ಲಿ 22 ಮಂದಿ ಒಂದೇ ಕಡೆ ಎಡವಿದ್ದರೆ ಪ್ರಶ್ನೆ ಸರಿಯಿಲ್ಲ ಅಥವಾ ಪಾಠ ಸಾಲದು. ಆ ಭಾಗವನ್ನು ಬೇರೆ ರೀತಿಯಲ್ಲಿ ಮತ್ತೆ ಕಲಿಸಬೇಕು. ಮೂವರೇ ಎಡವಿದ್ದರೆ ಅವರಿಗಷ್ಟೇ ಬೇರೆ ಅಭ್ಯಾಸ ಕೊಟ್ಟರಾಯಿತು. ಉತ್ತರಪತ್ರಿಕೆ ಮುಂದಿನ ತರಗತಿಯಲ್ಲೇ ವಾಪಸಾಗಬೇಕು. ತಪ್ಪಿಗೆ ಅಡಿಗೆರೆ ಹಾಕಿ, ಸರಿ ಉತ್ತರ ಬರೆಯಬೇಡಿ. ಮೊದಲ ಹತ್ತು ನಿಮಿಷ ಅವರೇ ಜೋಡಿಯಾಗಿ ಕೂತು ತಿದ್ದಿಕೊಳ್ಳಲಿ.