ಕ್ಯಾಸೆಟ್ ಬದಲಿಸುವ ಮೊದಲು ಸ್ಲಾಟ್ ಹತ್ತಿರ ವೋಲ್ಟ್ ಅಳೆಯಿರಿ

ಬೆಳಿಗ್ಗೆ ಅಂಗಡಿ ಶಟರ್ ಎತ್ತಿ ಊದುಬತ್ತಿ ಹಚ್ಚುವಷ್ಟರಲ್ಲಿ ಒಬ್ಬರು ಬಂದು ನಿಂತಿರುತ್ತಾರೆ. ಕೈಯಲ್ಲಿ ಕ್ಯಾರಿಬ್ಯಾಗ್, ಅದರೊಳಗೆ ಒಂದು ಕ್ಯಾಸೆಟ್. "ಇದು ಹೋತ್ರಿ. ಹಳೇ ಕ್ಯಾಸೆಟ್ ಹಾಕಿದ್ರ ಮಸ್ತ್ ಓಡ್ತೈತಿ. ಇದನ್ನ ಹಾಕಿದ್ರ ಆಟದ ನಡುವ ಬಂದ್ ಬೀಳ್ತೈತಿ." ಬೆಳಗಾವಿಯಲ್ಲಿ ವಿಡಿಯೊ ಗೇಮ್ ಬೋರ್ಡ್ ರಿಪೇರಿಗೆ ಕೂತಾಗಿನಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗೆ ಬಂದ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ನನ್ನ ಟೇಬಲ್ ಮೇಲೆ ಸಂಜೆತನಕ ಚೆನ್ನಾಗಿ ಓಡುತ್ತವೆ. ಅಷ್ಟರಲ್ಲಿ ಆ ಮನುಷ್ಯ ಇನ್ನೊಂದು ಹೊಸ ಕ್ಯಾಸೆಟ್‌ಗೆ ದುಡ್ಡು ಕೊಟ್ಟಾಗಿರುತ್ತದೆ. ಅದು ನನಗೆ ಬೇಜಾರು.

ನಾನು ಹೇಳುತ್ತಿರುವುದು ಅಂಗಡಿ, ಜಾತ್ರೆಗಳ ಗೇಮ್ ಮಷೀನಿನೊಳಗಿನ ನಿಯೋ ಜಿಯೋ ಎಂವಿಎಸ್ ಬೋರ್ಡಿಗೆ ಹಾಕುವ ಮಲ್ಟಿ ಕ್ಯಾಸೆಟ್, ಅಂದರೆ ಒಂದರಲ್ಲೇ ಬಹಳ ಆಟ ತುಂಬಿದ ಕ್ಯಾಸೆಟ್ ಬಗ್ಗೆ. ಜಪಾನಿನ ಎಸ್‌ಎನ್‌ಕೆ ಕಂಪನಿ 1990ರಲ್ಲಿ ಈ ಬೋರ್ಡ್ ತಂದಿತು. ಆಟ ಬದಲಿಸಲು ಇಡೀ ಬೋರ್ಡ್ ಬಿಚ್ಚಬೇಕಿಲ್ಲ, ಕ್ಯಾಸೆಟ್ ಬದಲಿಸಿದರೆ ಸಾಕು. ಆಗ ಒಂದು ಕ್ಯಾಸೆಟ್‌ಗೆ ಒಂದೇ ಆಟ. ಈಗ ಎಲ್ಲರ ಕೈಯಲ್ಲೂ ಇರುವುದು ಮೇಲೆ 161 ಅಂತ, ಅಂದರೆ ಒಳಗೆ ಅಷ್ಟು ಆಟ ಇವೆ ಅಂತ, ಬರೆದ ಕ್ಯಾಸೆಟ್. ಇವು ಮೂಲ ಕಂಪನಿಯವಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಒಂದರ ಒಳಗಿದ್ದಂತೆ ಇನ್ನೊಂದರ ಒಳಗೆ ಇರುವುದಿಲ್ಲ. ಮುಂದೆ ಹೇಳುವುದೆಲ್ಲ ನನ್ನ ಟೇಬಲ್ ಮೇಲೆ ಬಂದವುಗಳ ಮಾತು. ನಿಮ್ಮದನ್ನು ಬಿಚ್ಚಿ ನೋಡದೆ ಖಾತ್ರಿ ಹೇಳಲಾರೆ.

ಹಳೇ ಕ್ಯಾಸೆಟ್‌ನ ಐಸಿಗಳು ನೇರವಾಗಿ 5 ವೋಲ್ಟ್ ಮೇಲೆ ಓಡುತ್ತವೆ. ಅವುಗಳ ಲೆಕ್ಕ 4.75ರಿಂದ 5.25. ಆದರೆ ಅವು ಗಟ್ಟಿ ಐಸಿಗಳು. 4.6ಕ್ಕೆ ಇಳಿದರೂ ಹೆಚ್ಚಿನ ಸಲ ಸಹಿಸಿಕೊಂಡು ಓಡಿಬಿಡುತ್ತವೆ. ಮಲ್ಟಿ ಕ್ಯಾಸೆಟ್ ಹಾಗಲ್ಲ. ಅದರೊಳಗೆ ಆಟಗಳನ್ನು ತುಂಬಿಟ್ಟ ಫ್ಲ್ಯಾಶ್ ಐಸಿಗಳಿಗೆ ಬೇಕಾದದ್ದು 3.3 ವೋಲ್ಟ್. ಬೋರ್ಡಿನಿಂದ ಬರುವ 5 ವೋಲ್ಟನ್ನು ಒಂದು ಸಣ್ಣ ರೆಗ್ಯುಲೇಟರ್ 3.3ಕ್ಕೆ ಇಳಿಸುತ್ತದೆ. ಸಾಮಾನ್ಯವಾಗಿ ಅದು 1117 ಅನ್ನುವ ಜಾತಿಯದು. ಈ ರೆಗ್ಯುಲೇಟರ್‌ಗೆ ಒಂದು ಗುಣ ಇದೆ. ತಾನು ಕೊಡುವ ವೋಲ್ಟಿಗಿಂತ ಒಳಗೆ ಬರುವ ವೋಲ್ಟ್ ಸುಮಾರು 1.1ರಿಂದ 1.3ರಷ್ಟು ಜಾಸ್ತಿ ಇರಲೇಬೇಕು. 3.3ಕ್ಕೆ 1.3 ಕೂಡಿಸಿ. 4.6 ಆಯಿತು, ಅಲ್ವಾ? ಅದಕ್ಕಿಂತ ಕೆಳಗೆ ಹೋದರೆ 3.3 ನಿಲ್ಲುವುದಿಲ್ಲ. ಫ್ಲ್ಯಾಶ್ ತಪ್ಪು ಓದುತ್ತದೆ. ಬೋರ್ಡಿನ ಮುಖ್ಯ ಐಸಿ, ಅಂದರೆ 68000, ದಾರಿ ತಪ್ಪುತ್ತದೆ. ಹಾಗೆ ದಾರಿ ತಪ್ಪಿದಾಗ ಎಬ್ಬಿಸುವುದಕ್ಕೆಂದೇ ಬೋರ್ಡಿನಲ್ಲಿ ವಾಚ್‌ಡಾಗ್ ಅಂತ ಒಂದು ಕಾವಲು ಇದೆ, ಅದು ರೀಸೆಟ್ ಹೊಡೆಯುತ್ತದೆ. ನಿಮಗೆ ಕಾಣುವುದು ಇಷ್ಟೇ: ಆಟ ಜೋರಾಗಿ ನಡೆದಿತ್ತು, ಒಮ್ಮೆಲೆ ಪರದೆ ಮಿಂಚಿ ಮೆನುಗೆ ವಾಪಸ್ ಹೋಯಿತು.

ಈಗ ಹೇಳಿ, ಹಳೇ ಕ್ಯಾಸೆಟ್ ಓಡಿತು ಅನ್ನುವುದರಿಂದ ಏನು ಸಾಬೀತಾಯಿತು? ಹಳೇ ಕ್ಯಾಸೆಟ್ ಕಡಿಮೆ ವೋಲ್ಟಿನಲ್ಲೂ ಓಡುತ್ತದೆ ಅನ್ನುವುದಷ್ಟೇ. ಹೊಸದು ಕೆಟ್ಟಿದೆ ಅಂತ ಅದರಿಂದ ಗೊತ್ತಾಗುವುದೇ ಇಲ್ಲ. ದಯವಿಟ್ಟು ಈ ಒಂದು ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಕ್ಯಾಸೆಟ್ ಅದಲು ಬದಲು ಮಾಡಿ ನೋಡುವುದು ಒಂದೇ ಜಾತಿಯ ಎರಡು ಕ್ಯಾಸೆಟ್‌ಗಳ ನಡುವೆ ಸರಿ. ಹಳೇದು ಮತ್ತು ಮಲ್ಟಿ ನಡುವೆ ಅದು ಪರೀಕ್ಷೆಯೇ ಅಲ್ಲ.

ಇದನ್ನು ಹೇಳಿದ ಕೂಡಲೇ ಉತ್ತರ ಬರುತ್ತದೆ. "ವೋಲ್ಟ್ ನೋಡೇನ್ರಿ. ಸಪ್ಲೈದಾಗ ಕರೆಕ್ಟ್ 5 ಐತಿ." ಎಲ್ಲಿ ನೋಡಿದಿರಿ ಅಂತ ಕೇಳಿದರೆ ಪವರ್ ಸಪ್ಲೈಯ ಸ್ಕ್ರೂ ಮೇಲೆ. ಅಲ್ಲಿ 5 ಇದ್ದೇ ಇರುತ್ತದೆ. ಆಲಮಟ್ಟಿ ಡ್ಯಾಂ ತುಂಬಿದೆ ಅಂದ ಮಾತ್ರಕ್ಕೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತು ಅಂತ ಆಗುತ್ತದೆಯೇ? ವಿಜಯಪುರ ಕಡೆಯ ರೈತರನ್ನು ಕೇಳಿದರೆ ಅವರೇ ಹೇಳುತ್ತಾರೆ. ನಮ್ಮ ಕ್ಯಾಸೆಟ್ ಇರುವುದು ಆ ಕೊನೆಯ ಹೊಲದಲ್ಲಿ. ಸಪ್ಲೈಯಿಂದ ವೈರ್, ವೈರಿನಿಂದ ಜಮ್ಮಾ ಕನೆಕ್ಟರ್ (ಮಷೀನಿನ ವೈರುಗಳೆಲ್ಲ ಬೋರ್ಡಿಗೆ ಕೂಡುವ ಉದ್ದ ಕನೆಕ್ಟರ್), ಅಲ್ಲಿಂದ ಬೋರ್ಡು, ಬೋರ್ಡಿನಿಂದ ಸ್ಲಾಟ್, ಸ್ಲಾಟಿನಿಂದ ಕ್ಯಾಸೆಟ್. ಪ್ರತಿಯೊಂದು ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ದಾರಿಯಲ್ಲಿ ಒಟ್ಟು 0.1 ಓಮ್ ತಡೆ ಇದ್ದು 3 ಆಂಪ್ ಹರಿದರೆ 0.3 ವೋಲ್ಟ್ ಹೋಯಿತು. 0.1 ಓಮ್ ಅಂದರೆ ಒಂದು ತುಕ್ಕು ಹಿಡಿದ ಪಿನ್, ಅಷ್ಟೇ. ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಹೋದ ಕರೆಂಟ್ ಗ್ರೌಂಡ್ ವೈರಿನಲ್ಲಿ ವಾಪಸ್ ಬರಬೇಕು. ಅಲ್ಲೂ ಅಷ್ಟೇ ಸೋರುತ್ತದೆ. ಪ್ಲಸ್ ಕಡೆ 0.3, ಗ್ರೌಂಡ್ ಕಡೆ 0.2. 5ರಲ್ಲಿ ಉಳಿದದ್ದು 4.5.

ಅಳೆಯುವುದು ಹೀಗೆ. ಕ್ಯಾಸೆಟ್‌ನ ಪ್ಲಾಸ್ಟಿಕ್ ಬಿಚ್ಚಿ, ಒಳಗಿನ ಎರಡೂ ಬೋರ್ಡುಗಳನ್ನು ಬರಿದಾಗಿಯೇ ಸ್ಲಾಟಿಗೆ ಹಾಕಿ. ಯಾವುದು ಯಾವ ಕಡೆ ಇತ್ತು ಅಂತ ಬಿಚ್ಚುವ ಮೊದಲೇ ಮಾರ್ಕರ್‌ನಿಂದ ಗುರುತು ಮಾಡಿಕೊಳ್ಳಿ. ಬೋರ್ಡು ಹಾಕುವಾಗ, ತೆಗೆಯುವಾಗ ಕರೆಂಟ್ ಪೂರ್ತಿ ಬಂದ್ ಇರಲಿ. ಆಮೇಲೆ ಚಾಲೂ ಮಾಡಿ, ಒಂದು ದೊಡ್ಡ ಫೈಟಿಂಗ್ ಆಟ ಓಡಿಸಿ. ಆಟ ನಡೆಯುತ್ತಿರುವಾಗಲೇ ಮೀಟರ್ ಹಿಡಿಯಬೇಕು. ಕಪ್ಪು ಕಡ್ಡಿ 1117ರ ಗ್ರೌಂಡ್ ಕಾಲಿಗೆ, ಕೆಂಪು ಕಡ್ಡಿ ಒಳಬರುವ ಕಾಲಿಗೆ. ನನ್ನ ಪ್ರಕಾರ 4.85ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. 4.7ಕ್ಕಿಂತ ಕೆಳಗಿದ್ದರೆ ಕ್ಯಾಸೆಟ್ ಮುಟ್ಟಬೇಡಿ, ವೈರ್ ನೋಡಿ. ಇಲ್ಲಿ ಒಂದು ಎಚ್ಚರಿಕೆ. 7805 ಅನ್ನುವ 5 ವೋಲ್ಟಿನ ರೆಗ್ಯುಲೇಟರ್ ರಿಪೇರಿ ಮಾಡಿ ರೂಢಿ ಇದ್ದವರು ರೆಗ್ಯುಲೇಟರಿನ ಅಗಲ ತಗಡನ್ನು ಗ್ರೌಂಡ್ ಅಂದುಕೊಳ್ಳುತ್ತಾರೆ. 1117ರಲ್ಲಿ ಆ ತಗಡು ಔಟ್‌ಪುಟ್. ಅದನ್ನು ಗ್ರೌಂಡಿಗೆ ತಾಗಿಸಿದರೆ 3.3 ಶಾರ್ಟ್ ಆಗುತ್ತದೆ. ಪವರ್ ಸಪ್ಲೈಯ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 320 ವೋಲ್ಟ್ ಇರುತ್ತದೆ. ಸ್ವಿಚ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಕೆಲವರು ಇದಕ್ಕೆ ಸುಲಭದ ಉಪಾಯ ಕಂಡುಕೊಂಡಿದ್ದಾರೆ. ಸಪ್ಲೈಯಲ್ಲಿ ವೋಲ್ಟ್ ಹೆಚ್ಚುಕಡಿಮೆ ಮಾಡುವ ಪ್ರೀಸೆಟ್ ತಿರುಗಿಸಿ 5.5 ಮಾಡಿಬಿಡುವುದು. ಆಟ ಓಡುತ್ತದೆ, ನಿಜ. ಆದರೆ ಒಂದು ದಿನ ಯಾರೋ ಕನೆಕ್ಟರ್ ಬಿಚ್ಚಿ ಒರೆಸಿ ಹಾಕುತ್ತಾರೆ. ಸೋರಿಕೆ ನಿಂತು ಪೂರ್ತಿ 5.5 ಬೋರ್ಡಿಗೆ ಹೋಗುತ್ತದೆ. ಅದೂ ಅಲ್ಲದೆ ಈ ಸಪ್ಲೈಗಳು ಅಳತೆ ಇಟ್ಟುಕೊಳ್ಳುವುದು 5ರ ಮೇಲೆ ಮಾತ್ರ. 5 ಏರಿಸಿದರೆ 12 ತಾನಾಗಿಯೇ ಏರುತ್ತದೆ. ಸೌಂಡ್ ಐಸಿ ಬಿಸಿಯಾಗತೊಡಗುತ್ತದೆ. ವೈರಿನ ರೋಗಕ್ಕೆ ಬೋರ್ಡಿಗೆ ಇಂಜೆಕ್ಷನ್ ಕೊಟ್ಟ ಹಾಗೆ ಇದು.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಗೇಮ್ ಮಷೀನ್ ಹಾಕುವ ಹುಡುಗನೊಬ್ಬ ಇದ್ದಾನೆ. ಬಾಗಲಕೋಟೆಯವನು. ಬನದ ಹುಣ್ಣಿಮೆಗೆ ಶುರುವಾದರೆ ಜಾತ್ರೆ ಹಲವು ವಾರ ನಡೆಯುತ್ತದೆ. ಅವನ ವರ್ಷದ ದುಡಿಮೆ ಅಲ್ಲೇ. ಒಂದು ಸಲ ಜಾತ್ರೆಯ ಎರಡನೇ ವಾರ ಬಸ್ ಹತ್ತಿ ನನ್ನ ಹತ್ತಿರ ಬಂದ. ಮುಖ ಬಾಡಿತ್ತು. ಕೈಯಲ್ಲಿ ಎರಡು ಮಲ್ಟಿ ಕ್ಯಾಸೆಟ್. ಮೊದಲನೆಯದು ಕೆಟ್ಟಿತು ಅಂತ ಎರಡನೆಯದು ತರಿಸಿದ್ದ. ಎರಡೂ ರಾತ್ರಿ ಹೊತ್ತಿಗೆ ಬಂದ್ ಬೀಳುತ್ತಿದ್ದವು. ನನ್ನ ಟೇಬಲ್ ಮೇಲೆ ಎರಡನ್ನೂ ಎರಡೆರಡು ಗಂಟೆ ಓಡಿಸಿದೆ. ಏನೂ ಆಗಲಿಲ್ಲ. ಅವನಿಗೆ ಸಿಟ್ಟೇ ಬಂತು. "ಕಾಕಾ, ಇಲ್ಲಿ ಓಡ್ತೈತಿ, ಅಲ್ಲಿ ಯಾಕ ಓಡೂದಿಲ್ಲ?"

"ತಮ್ಮಾ, ಅಲ್ಲಿಗೇ ಹೋಗಿ ನೋಡೂಣು ನಡಿ" ಅಂದೆ. ದೇವಿ ದರ್ಶನವೂ ಆದೀತು ಅಂತ ಹೊರಟೆ. ಸಂಜೆ ಹೊತ್ತು, ನಾಟಕ ಕಂಪನಿಗಳ ಮೈಕುಗಳು ಒಂದರ ಮೇಲೊಂದು ಕೂಗುತ್ತಿದ್ದವು. ಮೀಟರ್ ಹಿಡಿದೆ. ಸಪ್ಲೈ ಮೇಲೆ 5.04. ಕ್ಯಾಸೆಟ್ ಒಳಗೆ 4.52. ಮಷೀನ್ ಒಳಗೆ ಬಿಸಿ ಜಾಸ್ತಿ ಅಂತ ಅವನು ಸಪ್ಲೈಯನ್ನು ಹೊರಗೆ ತಂದಿಟ್ಟಿದ್ದ. ವೈರ್ ಸಾಲದೆ ಬಂದಾಗ ಸ್ಪೀಕರ್ ವೈರ್ ತಂದು ತಿರುಚಿ ಟೇಪ್ ಸುತ್ತಿದ್ದ. ಆ ಜೋಡಣೆಯನ್ನು ಬೆರಳಿನಿಂದ ಮುಟ್ಟಿದೆ. ಬಿಸಿ ಚಹಾದ ಲೋಟ ಹಿಡಿದ ಹಾಗಿತ್ತು. ಟೇಪ್ ಅಂಟು ಕರಗಿ ಕಪ್ಪಗೆ ಜಿನುಗಿತ್ತು.

ಮೈಕ್ ಸೆಟ್‌ನವರ ಹತ್ತಿರ ಮನೆ ವೈರಿಂಗಿನ 2.5 ಎಂಎಂ ವೈರ್ ಸಿಕ್ಕಿತು. ಜಮ್ಮಾ ಕನೆಕ್ಟರಿನಲ್ಲಿ 5 ವೋಲ್ಟಿಗೆ ನಾಲ್ಕು ಪಿನ್ ಇವೆ: ಒಂದು ಬದಿಗೆ 3, 4, ಇನ್ನೊಂದು ಬದಿಗೆ ಸಿ, ಡಿ. ಗ್ರೌಂಡಿಗೆ ಎಂಟು. ಅಗ್ಗದ ವೈರಿಂಗಿನಲ್ಲಿ ಒಂದೊಂದಕ್ಕೇ ವೈರ್ ಹಾಕಿ ಬಿಟ್ಟಿರುತ್ತಾರೆ. ಅವನದೂ ಹಾಗೇ ಇತ್ತು. ನಾಲ್ಕಕ್ಕೂ ಹಾಕಿದೆ, ಗ್ರೌಂಡಿಗೂ ಎರಡು ಕಡೆಯಿಂದ ಹಾಕಿದೆ, ಸೋಲ್ಡರ್ ಮಾಡಿದೆ. ಮತ್ತೆ ಅಳೆದರೆ 4.93. ಪಕ್ಕದ ಬಳೆ ಅಂಗಡಿಯ ಅವ್ವ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಉಂಡು ಕೈ ತೊಳೆಯುವಷ್ಟರಲ್ಲಿ ಮಷೀನ್ ಸುತ್ತ ಹುಡುಗರು ತುಂಬಿದ್ದರು. ಬೆಳಗಿನ ತನಕ ಒಮ್ಮೆಯೂ ಬಂದ್ ಬೀಳಲಿಲ್ಲ. ಎರಡು ಕ್ಯಾಸೆಟ್‌ಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಆ ಎರಡನೇ ಕ್ಯಾಸೆಟ್‌ಗೆ ಅವನು ಸಾಲ ಮಾಡಿದ್ದ.

ವೋಲ್ಟ್ ಸರಿ ಇದ್ದೂ ತೊಂದರೆ ಇದ್ದರೆ ಮುಂದಿನದು ಹಲ್ಲು, ಅಂದರೆ ಸ್ಲಾಟಿಗೆ ಹೋಗುವ ಬಂಗಾರ ಬಣ್ಣದ ಅಂಚು. ಬೆಳಗಾವಿ ಮಳೆಗೆ ಅದು ಹಸಿರುಗಟ್ಟುತ್ತದೆ. ವಿಜಯಪುರದಿಂದ ಬಂದವುಗಳಲ್ಲಿ ಧೂಳು ಕೂತಿರುತ್ತದೆ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಸ್ಯಾಂಡ್ ಪೇಪರ್ ಹಾಕಿದವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬಂಗಾರದ ಲೇಪ ಕೂದಲಿಗಿಂತ ಎಷ್ಟೋ ತೆಳುವು. ಒಮ್ಮೆ ಹೋದರೆ ಹೋಯಿತು. ಬಟ್ಟೆಗೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ಒರೆಸಿ. ಮೊಂಡು ಕಲೆ ಇದ್ದರೆ ಬಿಳಿ ಪೆನ್ಸಿಲ್ ರಬ್ಬರ್, ಹಗುರವಾಗಿ.

ನಾನು ಮಲ್ಟಿ ಕ್ಯಾಸೆಟ್‌ಗೆ ಮಾಡುವ ಬದಲಾವಣೆ ಎರಡೇ. ಮೂಲ ಕ್ಯಾಸೆಟ್‌ಗಳ ಅಂಚು ಓರೆಯಾಗಿ ಉಜ್ಜಿದ್ದಿರುತ್ತದೆ. ನಕಲಿನಲ್ಲಿ ಎಷ್ಟೋ ಸಲ ಚೌಕವಾಗಿ ಕತ್ತರಿಸಿ ಬಿಟ್ಟಿರುತ್ತಾರೆ. ಅದು ಸ್ಲಾಟಿನ ಪಿನ್ನುಗಳನ್ನು ಮಡಚಿಬಿಡುತ್ತದೆ. ಸಣ್ಣ ಅರದಿಂದ ಎರಡೂ ಬದಿ ಓರೆ ಮಾಡುತ್ತೇನೆ. ಅರ ಎಳೆಯುವುದು ಹಲ್ಲಿನ ಕಡೆಯಿಂದ ಅಂಚಿನ ಕಡೆಗೆ ಮಾತ್ರ. ಉಲ್ಟಾ ಎಳೆದರೆ ತಾಮ್ರ ಎದ್ದು ಬರುತ್ತದೆ. ಇನ್ನೊಂದು, ರೆಗ್ಯುಲೇಟರ್ ಪಕ್ಕ ಒಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸುವುದು. ಕ್ಷಣಮಾತ್ರದ ಇಳಿತಕ್ಕೆ ಅದು ಸ್ವಲ್ಪ ಆಸರೆ ಕೊಡುತ್ತದೆ. ವೈರ್ ಕೆಟ್ಟಿದ್ದರೆ ಅದರಿಂದ ಏನೂ ಆಗುವುದಿಲ್ಲ. ಹೊಸ ಆಟ ತುಂಬಿಕೊಡಿ ಅಂತ ಕೇಳುತ್ತಾರೆ, ಅದು ನಾನು ಮಾಡುವುದಿಲ್ಲ.

ಯಾವ ಬೋರ್ಡಿನಲ್ಲಿ ರೋಗ ಅಂತ ಆಟವೇ ಹೇಳುತ್ತದೆ. ಎರಡು ಬೋರ್ಡುಗಳಲ್ಲಿ ಒಂದರಲ್ಲಿ ಚಿತ್ರ, ಅಕ್ಷರ ಮತ್ತು ಸಂಗೀತದ ಪ್ರೋಗ್ರಾಂ. ಇನ್ನೊಂದರಲ್ಲಿ ಆಟದ ಪ್ರೋಗ್ರಾಂ ಮತ್ತು ಧ್ವನಿ. ಅಕ್ಷರ ಸರಿ ಇದ್ದು ಪರದೆಯೊಳಗಿನ ಆಟಗಾರರ ಮೈಮೇಲೆ ಉದ್ದ ಗೆರೆ ಬಂದರೆ ಮೊದಲನೆಯದರ ಹಲ್ಲು ನೋಡಿ. ಸಂಗೀತ ಬರುತ್ತಿದ್ದು ಹೊಡೆತದ ಕೂಗು ಮಾತ್ರ ಇಲ್ಲದಿದ್ದರೆ ಎರಡನೆಯದು. ಬ್ಯಾಕಪ್ ರ್ಯಾಮ್ ಎರರ್ ಅಂತ ಬಂದರೆ ಅದು ಕ್ಯಾಸೆಟ್‌ದೇ ಅಲ್ಲ, ಬೋರ್ಡಿನದು. ಮೊದಲು ನೋಡಬೇಕಾದದ್ದು ಅಲ್ಲಿರುವ 3.6 ವೋಲ್ಟಿನ ಹಳೇ ಬ್ಯಾಟರಿ ಸೋರಿ ತಾಮ್ರದ ಗೆರೆ ತಿಂದಿದೆಯೇ ಅಂತ. ಸೋರಿರಲಿ ಬಿಡಲಿ, ಆ ಬ್ಯಾಟರಿಯನ್ನು ಇವತ್ತೇ ತೆಗೆದುಬಿಡಿ. ಸೋರಿದ ಜಾಗವನ್ನು ಬಿಳಿ ವಿನೆಗರ್‌ನಿಂದ ಒರೆಸಿ, ಆಮೇಲೆ ಐಪಿಎಯಿಂದ ಒರೆಸಿ.

ಟಿವಿಗೆ ಹಾಕುವ 60 ಪಿನ್ನಿನ ಹಳದಿ ಕ್ಯಾಸೆಟ್‌ಗಳನ್ನೂ ಜನ ತರುತ್ತಾರೆ. ಮಕ್ಕಳಿದ್ದಾಗ ಆಡಿದ್ದು ಅಂತ ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ. ಅವುಗಳಲ್ಲಿ ಐಸಿ ಮೇಲೆ ಕಪ್ಪು ಡಾಂಬರಿನಂಥ ಹನಿ ಹಾಕಿರುತ್ತಾರೆ. ಅದರ ಒಳಗೆ ಹೋದರೆ ನನ್ನಿಂದ ಆಗುವುದಿಲ್ಲ. ಹಲ್ಲು ಒರೆಸಿ ಕೊಡುತ್ತೇನೆ. ಅಷ್ಟಕ್ಕೇ ಎದ್ದು ಕೂತವೂ ಬಹಳ ಇವೆ.

ಈಗ ನನ್ನ ಟೇಬಲ್ ಮೇಲೆ ಜಮಖಂಡಿಯಿಂದ ಬಂದ ಒಂದು 161 ಇದೆ. ವೋಲ್ಟ್ 4.96. ಹಲ್ಲು ಸ್ವಚ್ಛ. ಆದರೂ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಬರುವ ನಾಲ್ಕು ಆಟಗಳ ಚಿತ್ರ ಮಾತ್ರ ಚಿಂದಿಚಿಂದಿ. ಉಳಿದವು ಚೆನ್ನಾಗಿವೆ. ಯಾವ ಜಾಗ ಓದಬೇಕು ಅಂತ ಫ್ಲ್ಯಾಶ್ ಐಸಿಗೆ ಹೇಳುವ ಮೇಲಿನ ಅಡ್ರೆಸ್ ಕಾಲೊಂದು ಸೋಲ್ಡರ್ ಬಿಟ್ಟಿರಬೇಕು ಅಂತ ನನ್ನ ಅಂದಾಜು. ಈ ಸಲ ಕ್ಯಾಸೆಟ್‌ದೇ ತಪ್ಪು. ನಾಳೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಕಾಲು ಒತ್ತಿ ನೋಡಬೇಕು.