ಎಆರ್‌ಎಮ್‌ಡಿ, ಎಎಮ್‌ಡಿ, ಸಿಎನ್‌ವಿಎಮ್: ಒಂದು ಕಣ್ಣಿಗೆ ಎಷ್ಟು ಹೆಸರು?

ರಾಯಚೂರಿನ ಓಪಿಡಿಯಲ್ಲಿ ಪೋಸ್ಟಿಂಗ್ ಇದ್ದಾಗ ಮಾನ್ವಿ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕಡೆಯ ಮೂರು ಚೀಟಿ. ಒಂದರಲ್ಲಿ ‘ಡ್ರೈ ಎಆರ್‌ಎಮ್‌ಡಿ’, ಇನ್ನೊಂದರಲ್ಲಿ ‘ಅಕಲ್ಟ್ ಸಿಎನ್‌ವಿಎಮ್’, ಮೂರನೆಯದರಲ್ಲಿ ‘ವೆಟ್ ಎಎಮ್‌ಡಿ’. ಮಗ ಕೇಳಿದ: “ನಮ್ಮವ್ವಗ ಮೂರು ರೋಗ ಅವೇನ್ರಿ?”

ರೋಗ ಒಂದೇ: ವಯಸ್ಸಾದಂತೆ ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುವ ‘ಏಜ್-ರಿಲೇಟೆಡ್ ಮ್ಯಾಕ್ಯುಲರ್ ಡಿಜನರೇಶನ್’. ಎಆರ್‌ಎಮ್‌ಡಿ, ಎಎಮ್‌ಡಿ ಎರಡೂ ಅದರದೇ ಚಿಕ್ಕ ಹೆಸರು. ಮೊದಲ ಚೀಟಿ ಅದರ ಹಿಂದಿನ ಹಂತ, ಉಳಿದೆರಡು ಮುಂದಿನ ಹಂತ. ಆ ಎರಡೂ ಹೇಳುತ್ತಿದ್ದುದು ಒಂದೇ ಮಾತನ್ನು. ಅಷ್ಟರಲ್ಲಿ ಒಂದು ಎಡವಟ್ಟೂ ಆಗಿಹೋಗಿತ್ತು. ‘ಡ್ರೈ’ ಎಂದರೆ ಕಣ್ಣು ಒಣಗಿದೆ ಎಂದುಕೊಂಡು ಮನೆಯವರು ಮೆಡಿಕಲ್ ಶಾಪಿನಿಂದ ತೇವದ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಿದ್ದರು. ಅಜ್ಜಿ ಮರುಪರೀಕ್ಷೆಗೆ ಬರಲೇ ಇಲ್ಲ, ಡ್ರಾಪ್ಸ್ ನಡೆದಿದೆಯಲ್ಲ ಎಂಬ ಧೈರ್ಯ. ಪರೀಕ್ಷೆಗೆ ಓದುವಾಗ ಬರೀ ಉರುಹೊಡೆಯುವ ಪಾಠ ಎಂದುಕೊಂಡಿದ್ದ ಈ ಹೆಸರುಗಳ ಗೊಂದಲವನ್ನು ನಾನು ಕೂತು ಬಿಡಿಸಿಕೊಂಡದ್ದು ಆ ದಿನದ ನಂತರ.

ಮೊದಲು ಜಾಗ ಗೊತ್ತಿರಲಿ. ಅಕ್ಷಿಪಟಲದ ನಡುಭಾಗ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು, ಜೋಳದೊಳಗಿನ ಹಳ್ಳು ಆರಿಸುವುದು ಎಲ್ಲ ಇದರ ಕೆಲಸ. ಬೆಳಕು ಹಿಡಿಯುವ ಕೋಶಗಳ ಅಡಿಯಲ್ಲಿ ವರ್ಣಕ ಪದರ, ಅದನ್ನೇ ನಾವು ಆರ್‌ಪಿಇ ಅನ್ನುತ್ತೇವೆ. ಅದರಡಿ ಬ್ರೂಕ್ ಪೊರೆ, ಇನ್ನೂ ಕೆಳಗೆ ರಕ್ತನಾಳಗಳ ಕೋರಾಯ್ಡ್. ಕೋರಾಯ್ಡ್ ಅನ್ನು ತುಂಗಭದ್ರಾ ಎಡದಂಡೆ ಕಾಲುವೆ ಎಂದುಕೊಳ್ಳಿ, ಆರ್‌ಪಿಇ ಹೊಲಕ್ಕೆ ನೀರು ಬಿಡುವ ತೂಬು, ಬೆಳಕಿನ ಕೋಶಗಳು ಬೆಳೆ. ವಯಸ್ಸಾದಂತೆ ತೂಬಿನ ಬುಡದಲ್ಲಿ ಹಳದಿ ಕಸ ಕೂಡುತ್ತದೆ, ಅದೇ ಡ್ರೂಸನ್. ಕಸ ಹೆಚ್ಚಾದರೆ ಎರಡು ದಾರಿ: ಬೆಳೆ ಮೆಲ್ಲಗೆ ಒಣಗುವುದು, ಇಲ್ಲವೇ ಬೇಡದ ಕಡೆ ಹೊಸ ರಕ್ತನಾಳ ಒಡೆದು ನೀರು, ರಕ್ತ ಸೋರುವುದು. ‘ಒಣ’, ‘ಹಸಿ’ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದ. ಕಣ್ಣೀರಿಗೂ ಇದಕ್ಕೂ ಸಂಬಂಧವೇ ಇಲ್ಲ. ‘ವೆಟ್’ ಅಂದಾಗ ಅಜ್ಜಿ ಹೇಳಿದ್ದು, “ನನ್ನ ಕಣ್ಣಾಗ ನೀರೇ ಬರಂಗಿಲ್ಲಪಾ.”

ಹಳೆಯ ಪ್ರಬಂಧ ಓದುವವರು ಒಂದು ಕಡೆ ತಪ್ಪದೆ ಎಡವುತ್ತಾರೆ. ಮೊದಲು ಈ ರೋಗಕ್ಕೆ ‘ಸೆನೈಲ್’ (ಮುಪ್ಪಿನ) ಎಂಬ ವಿಶೇಷಣ ಇತ್ತು. ಅದನ್ನು ಬಿಟ್ಟು ‘ವಯಸ್ಸಿಗೆ ಸಂಬಂಧಿಸಿದ’ ಎಂದು ಮಾಡಿದರು, ಒಳ್ಳೆಯದೇ ಆಯಿತು. ಆದರೆ 1995ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಡ್ರೂಸನ್ ಮತ್ತು ವರ್ಣಕದ ಬದಲಾವಣೆ ಇರುವ ಮೊದಲ ಹಂತವನ್ನು ‘ಏಜ್-ರಿಲೇಟೆಡ್ ಮ್ಯಾಕ್ಯುಲೋಪತಿ’, ಅಂದರೆ ‘ಎಆರ್‌ಎಮ್’ ಎಂದು ಕರೆದು, ‘ಎಎಮ್‌ಡಿ’ಯನ್ನು ಕೊನೆಯ ಹಂತಕ್ಕಷ್ಟೇ ಮೀಸಲಿಟ್ಟರು. ಈಗ ಎಎಮ್‌ಡಿ ಎಂದರೆ ಮೊದಲಿನಿಂದ ಕೊನೆಯವರೆಗೆ ಇಡೀ ರೋಗ. ಆ ಕಾಲದ ಒಂದು ಸಮೀಕ್ಷೆಯ ಶೇಕಡಾವಾರನ್ನು ಇಂದಿನ ಸಮೀಕ್ಷೆಯ ಪಕ್ಕದಲ್ಲಿಟ್ಟು ‘ರೋಗ ಎಷ್ಟು ಹೆಚ್ಚಾಯಿತು’ ಎಂದರೆ ಕೆಲವೊಮ್ಮೆ ಹೆಚ್ಚಾದದ್ದು ಪದದ ಹರವು ಮಾತ್ರ.

ಹಂತಗಳಿಗೆ ಇಂದು ಹಿಡಿಯಬೇಕಾದದ್ದು 2013ರ ಬೆಕ್‌ಮನ್ ವರ್ಗೀಕರಣ, 55 ದಾಟಿದವರಿಗೆ ಮಾಡಿದ್ದು. ಅಳತೆ ಡ್ರೂಸನ್‌ನದು. 63 ಮೈಕ್ರಾನ್ ಒಳಗಿನವು ‘ಡ್ರೂಪ್ಲೆಟ್’. ಅವಷ್ಟೇ ಇದ್ದರೆ ಅದು ವಯಸ್ಸಿನ ಸಹಜ ಬದಲಾವಣೆ, ರೋಗ ಎನ್ನಬೇಡಿ. 63ರಿಂದ 125ರವರೆಗಿನವು ಇದ್ದು ವರ್ಣಕ ಸರಿಯಿದ್ದರೆ ಆರಂಭಿಕ ಹಂತ. 125 ಮೀರಿದವು ಇದ್ದರೆ, ಇಲ್ಲವೇ ಮಧ್ಯಮ ಗಾತ್ರದವುಗಳ ಜೊತೆ ವರ್ಣಕ ಕೆಟ್ಟಿದ್ದರೆ ಮಧ್ಯಂತರ. ಹೊಸ ರಕ್ತನಾಳ ಅಥವಾ ಭೌಗೋಳಿಕ ಕ್ಷೀಣತೆ (ಪರದೆಯ ಒಂದು ತುಣುಕು ಪೂರ್ತಿ ಸವೆದುಹೋಗುವುದು) ಬಂದರೆ ಕೊನೆಯ ಹಂತ. 125 ಮೈಕ್ರಾನ್ ಅಳೆಯುವುದು ಹೇಗೆ ಎಂದು ಹೆದರಬೇಡಿ, ಆಪ್ಟಿಕ್ ಡಿಸ್ಕ್ ಅಂಚಿನಲ್ಲಿ ದೊಡ್ಡ ಸಿರೆಯ ಅಗಲ ಸುಮಾರು ಅಷ್ಟೇ ಇರುತ್ತದೆ.

ಈ ಗೆರೆ ಏಕೆ ಮುಖ್ಯವೆಂದರೆ ಮಾತ್ರೆ ನಿಂತಿರುವುದು ಅದರ ಮೇಲೆ. ಎಆರ್‌ಇಡಿಎಸ್ ಎಂಬ ಅಮೆರಿಕದ ಪ್ರಯೋಗದ ವಿಟಮಿನ್-ಸತುವಿನ ಮಾತ್ರೆಗೆ ಉಪಯೋಗ ಕಂಡದ್ದು ಮಧ್ಯಂತರ ಹಂತದವರಲ್ಲಿ, ಮತ್ತು ಒಂದು ಕಣ್ಣು ಕೊನೆಯ ಹಂತ ತಲುಪಿದವರಲ್ಲಿ. ಆರಂಭಿಕ ಹಂತಕ್ಕೆ ಅದು ಬರೀ ದುಡ್ಡು ದಂಡ. ಚೀಟಿಯಲ್ಲಿ ‘ಡ್ರೈ’ ಎಂದಷ್ಟೇ ಬರೆದರೆ ಆರಂಭಿಕವೋ ಮಧ್ಯಂತರವೋ ತಿಳಿಯುವುದಿಲ್ಲ. ಬೀಡಿ ಸೇದುವವರಿಗಂತೂ ಬೀಟಾ ಕೆರೋಟಿನ್ ಇರುವ ಹಳೆಯ ಸೂತ್ರ ಕೊಡಲೇಬಾರದು, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. 2013ರ ಎರಡನೇ ಪ್ರಯೋಗದ ನಂತರ ಅದರ ಜಾಗಕ್ಕೆ 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಬಂದಿವೆ.

ಇನ್ನು ಸಿಎನ್‌ವಿಎಮ್. ಕೋರಾಯ್ಡಲ್ ನಿಯೋವ್ಯಾಸ್ಕುಲರ್ ಮೆಂಬ್ರೇನ್, ಅಂದರೆ ಹೊಸ ರಕ್ತನಾಳಗಳ ಪೊರೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೇ. ‘ಸಿ’ ಅಂದರೆ ಕೋರಾಯ್ಡ್, ರಕ್ತನಾಳ ಹುಟ್ಟುವುದು ಅಲ್ಲಿಂದ ಎಂದು ಈ ಹೆಸರೇ ಹೇಳಿಬಿಡುತ್ತದೆ. ಆದರೆ ಒಂದು ಬಗೆಯಲ್ಲಿ ನಾಳ ಹುಟ್ಟುವುದು ಅಕ್ಷಿಪಟಲದೊಳಗೆ, ಬೆಳೆಯುವುದು ಕೆಳಮುಖವಾಗಿ. ‘ಕ್ಲಾಸಿಕ್’, ‘ಅಕಲ್ಟ್’ ಪದಗಳೂ ಹೀಗೇ. ಫ್ಲೋರೆಸೀನ್ ಬಣ್ಣ ಹಾಕಿ ತೆಗೆದ ಚಿತ್ರದಲ್ಲಿ ಸೋರಿಕೆ ಸ್ಪಷ್ಟವಾಗಿ ಕಂಡಿತೋ ಮಸುಕಾಗಿ ಕಂಡಿತೋ ಎಂಬುದನ್ನಷ್ಟೇ ಅವು ಹೇಳುತ್ತವೆ, ನಾಳ ಯಾವ ಪದರದಲ್ಲಿದೆ ಎಂಬುದನ್ನಲ್ಲ. ಓಸಿಟಿ ಸ್ಕ್ಯಾನ್ (ಅಕ್ಷಿಪಟಲವನ್ನು ಅಡ್ಡ ಕೊಯ್ದಂತೆ ತೋರಿಸುವುದು) ಬಂದ ಮೇಲೆ ಪದರ ಪದರವಾಗಿ ಕಾಣತೊಡಗಿತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಇದನ್ನು ಸರಿಮಾಡಲು ಅಂತರರಾಷ್ಟ್ರೀಯ ತಜ್ಞರ ‘ಕೊನಾನ್’ ಗುಂಪು 2020ರಲ್ಲಿ ಒಮ್ಮತದ ಪದಾವಳಿ ಪ್ರಕಟಿಸಿತು. ಕೋರಾಯ್ಡ್ ಬದಲು ಮ್ಯಾಕ್ಯುಲಾ ಎಂದಿಟ್ಟು ‘ಮ್ಯಾಕ್ಯುಲರ್ ನಿಯೋವ್ಯಾಸ್ಕುಲರೈಸೇಶನ್’, ಚಿಕ್ಕದಾಗಿ ‘ಎಮ್‌ಎನ್‌ವಿ’ ಎಂದು ಕರೆಯಿತು. ಟೈಪ್ 1 ಎಂದರೆ ನಾಳ ಆರ್‌ಪಿಇ ಕೆಳಗೆ, ಟೈಪ್ 2 ಎಂದರೆ ಆರ್‌ಪಿಇ ದಾಟಿ ಮೇಲೆ, ಟೈಪ್ 3 ಎಂದರೆ ಅಕ್ಷಿಪಟಲದಿಂದಲೇ ಹುಟ್ಟಿದ್ದು. ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ, ನಾಳ ಗುಳ್ಳೆಯಂತೆ ಉಬ್ಬುವ ಪಾಲಿಪಾಯ್ಡಲ್ ರೋಗವನ್ನು ಟೈಪ್ 1ರ ಒಳಬಗೆಯಾಗಿ ಸೇರಿಸಿತು. ಸಾಮಾನ್ಯವಾಗಿ ಹಳೆಯ ಅಕಲ್ಟ್ ಟೈಪ್ 1ಕ್ಕೆ, ಕ್ಲಾಸಿಕ್ ಟೈಪ್ 2ಕ್ಕೆ ಹೊಂದುತ್ತದೆ, ಹಳೆಯ ಫೈಲ್ ಓದುವಾಗ ಈ ಕೀಲಿ ಸಾಕು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ನಾಳ ಇದ್ದೂ ಸೋರದ ಸ್ಥಿತಿಯೊಂದಿದೆ. ಅದು ಒಣವೂ ಅಲ್ಲ, ಹಸಿಯೂ ಅಲ್ಲ. ಹಳೆಯ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈಗ ಸ್ರವಿಸದ ಎಮ್‌ಎನ್‌ವಿ ಎಂದು ಬರೆದು, ಸಾಮಾನ್ಯವಾಗಿ ಸೋರಿಕೆ ತಡೆಯಲು ಕಣ್ಣಿಗೆ ಕೊಡುವ ಇಂಜೆಕ್ಷನ್ ಶುರುಮಾಡದೆ ಹತ್ತಿರದಿಂದ ಗಮನಿಸುತ್ತಾರೆ. ಒಣ-ಹಸಿ ಜೋಡಿಯನ್ನು ಚೀಟಿಯಿಂದ ತೆಗೆದುಬಿಡಬೇಕು ಎಂದು ನಾನು ಹೇಳುವುದು ಇದಕ್ಕೂ ಸೇರಿ.

ಕ್ಷೀಣತೆಯ ಕಡೆ 2018ರಲ್ಲಿ ‘ಸಿಆರ್‌ಓಆರ್‌ಎ’ ಎಂಬ ಪದ ಬಂತು, ಆರ್‌ಪಿಇ ಮತ್ತು ಹೊರ ಅಕ್ಷಿಪಟಲದ ಪೂರ್ತಿ ಸವೆತ ಎಂದರ್ಥ. ಓಸಿಟಿಯಲ್ಲಿ ಕನಿಷ್ಠ 250 ಮೈಕ್ರಾನ್ ಅಗಲದಲ್ಲಿ ಆರ್‌ಪಿಇ ಹೋಗಿ, ಕೆಳಗಿನ ಪದರಕ್ಕೆ ಬೆಳಕು ನುಗ್ಗುತ್ತಿರಬೇಕು, ಮೇಲಿನ ಬೆಳಕಿನ ಕೋಶಗಳೂ ಸವೆದಿರಬೇಕು. ಸದ್ಯಕ್ಕೆ ಇಷ್ಟು ನೆನಪಿಟ್ಟರೆ ಸಾಕು.

ಕನ್ನಡದ ಕಥೆಯೇ ಬೇರೆ. ‘ಮ್ಯಾಕ್ಯುಲಾದ ಕ್ಷಯ’ ಎಂದು ಒಮ್ಮೆ ಅನುವಾದಿಸಿ ಹೇಳಿದೆ. ಎದುರಿಗಿದ್ದ ಮುದುಕರು ಮುಖಕ್ಕೆ ಟವೆಲ್ ಅಡ್ಡ ಹಿಡಿದರು, ಕ್ಷಯ ಅಂದರೆ ಅವರಿಗೆ ಟಿ.ಬಿ. ‘ಕಣ್ಣಿನ ನರ ವೀಕ್’ ಎನ್ನುವುದು ಸುಲಭ, ಆದರೆ ಗ್ಲಾಕೋಮಾಕ್ಕೂ ನಾವು ಅದನ್ನೇ ಹೇಳುತ್ತೇವೆ. ‘ಪೊರೆ’ ಎಂದರೆ ಆಪರೇಷನ್ ಯಾವಾಗ ಅನ್ನುತ್ತಾರೆ. ನಾನೀಗ ‘ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದದ’ ಎನ್ನುತ್ತೇನೆ, ಜೊತೆಗೆ ದಿನಾ ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿ, ಸೊಟ್ಟ ಕಂಡರೆ ಅದೇ ವಾರ ಬನ್ನಿ ಎನ್ನುತ್ತೇನೆ.

ಡ್ರೂಸನ್‌ಗೆ ‘ಹೂಳು’ ಎಂದು ಹೇಳಿ ನೋಡಿದೆ. ಡ್ಯಾಮಿನ ಹೂಳಿನ ಮಾತು ಕೇಳಿಯೇ ಬೆಳೆದವರಿಗೆ ತಕ್ಷಣ ಅರ್ಥವಾಯಿತು. ಆದರೆ ಅಜ್ಜಿಯ ಮಗ ಅಲ್ಲಿಗೇ ಬಿಡಲಿಲ್ಲ. “ಹೂಳಂದ್ರ ತೆಗಿಲಿಕ್ಕಿ ಬರ್ತದಲ್ರಿ?” ಲೇಸರ್ ಹಾಕಿ ಡ್ರೂಸನ್ ಕರಗಿಸಿ ನೋಡಿದ ಪ್ರಯೋಗ ಇದೆ, ಚುಕ್ಕೆ ಕಡಿಮೆಯಾದವು, ದೃಷ್ಟಿಗೆ ಲಾಭವಾಗಲಿಲ್ಲ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಡ್ಯಾಮಿನಂಗೇ ಬಿಡ್ರಿ” ಎಂದು ಮೂರೂ ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡ.