ಬ್ರೆಜಿಲ್‌ನ ‘ಕವಲೇರೊ ನೆಗ್ರೊ’ ಅಮೆರಿಕದ ‘ಬ್ಲ್ಯಾಕ್ ನೈಟ್’ ತಾನೇ?

ಪ್ರಶ್ನೆ: ಬ್ರೆಜಿಲ್‌ನ ಹಳೇ ಪಿನ್‌ಬಾಲ್ ಯಂತ್ರವೊಂದರ ಫೋಟೋ ನೋಡಿದೆ. ಹೆಸರು ಕವಲೇರೊ ನೆಗ್ರೊ. ನೋಡಿದರೆ ಥೇಟ್ ಬ್ಲ್ಯಾಕ್ ನೈಟ್! ಎರಡೂ ಒಂದೇನಾ?

ಉತ್ತರ: ಆಟ ಒಂದೇ, ಯಂತ್ರ ಒಂದೇ ಅಲ್ಲ.

ಪಿನ್‌ಬಾಲ್ ಅಂದರೆ ಓರೆ ಹಲಗೆಯ ಮೇಲೆ ಓಡುವ ಉಕ್ಕಿನ ಚೆಂಡು ಕೆಳಗೆ ಜಾರಿಹೋಗದಂತೆ ಬಟನ್ ಒತ್ತಿ ಹೊಡೆಯುತ್ತಾ, ಗುರಿಗಳಿಗೆ ತಾಕಿಸಿ ಅಂಕ ಗಳಿಸುವ ಆಟ. ಬ್ಲ್ಯಾಕ್ ನೈಟ್ (ಕಪ್ಪು ಯೋಧ ಎಂದರ್ಥ) 1980ರಲ್ಲಿ ಅಮೆರಿಕದ ವಿಲಿಯಮ್ಸ್ ಕಂಪನಿ ತಂದ ಆಟ. ವಿನ್ಯಾಸ ಸ್ಟೀವ್ ರಿಚಿ ಅವರದು. ಕಪ್ಪು ಕವಚದ ಯೋಧ ಆಟಗಾರನನ್ನೇ ಕೆಣಕಿ ಮಾತಾಡುತ್ತಾನೆ. ಚೆಂಡು ಓಡುವ ಹಲಗೆಗೆ ಎರಡು ಅಂತಸ್ತು. ಇನ್ನೊಂದು ಮಜಾ ‘ಮ್ಯಾಗ್ನಾ-ಸೇವ್’. ಚೆಂಡು ಪಕ್ಕದ ಓಣಿಗೆ ಇಳಿದರೆ ಸಾಮಾನ್ಯವಾಗಿ ಕಥೆ ಮುಗೀತು. ಇಲ್ಲಿ ಹಾಗಲ್ಲ, ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಹಲಗೆ ಕೆಳಗಿನ ವಿದ್ಯುತ್ ಅಯಸ್ಕಾಂತ ಅದನ್ನು ತಡೆದು ನಿಲ್ಲಿಸುತ್ತದೆ. ಸುಮ್ನೆ ಸಿಗುವ ಸೌಲಭ್ಯವಲ್ಲ, ಮೊದಲೇ ಗುರಿ ಹೊಡೆದು ಗಳಿಸಿಕೊಂಡಿರಬೇಕು. ಬೆರಳು ತುಸು ತಡವಾದರೂ ಚೆಂಡು ಹೋಯಿತು ಅಂತಲೇ ಲೆಕ್ಕ.

ಅದೇ ಆಟ 1981ರಲ್ಲಿ ಬ್ರೆಜಿಲ್‌ನ ಟೈಟೊ ದೊ ಬ್ರಾಸಿಲ್ ಕಂಪನಿಯಿಂದ ಕವಲೇರೊ ನೆಗ್ರೊ ಹೆಸರಲ್ಲಿ ಬಂತು. ಯಾಕೆ? 1970ರ ದಶಕದ ನಡುವಿನಿಂದ ಬ್ರೆಜಿಲ್ ಸರ್ಕಾರ ಆಮದಿನ ಮೇಲೆ ಭಾರೀ ಕಡಿವಾಣ ಹಾಕಿತ್ತು. ಹೊರಗಿನ ಯಂತ್ರ ತರಿಸುವುದು ಕಷ್ಟ, ಆಡುವವರಿಗೆ ಮಾತ್ರ ಬರವಿರಲಿಲ್ಲ. ಅಲ್ಲೇ ಮಾಡುವುದೇ ದಾರಿಯಾಯಿತು. ವಿಲಿಯಮ್ಸ್‌ನ ಗೋರ್ಗರ್ ಆಟ ಅಲ್ಲಿ ಡ್ರಾಕೊರ್ ಆಯಿತು. ಅಮೆರಿಕದ ಇನ್ನೊಂದು ಕಂಪನಿ ಬ್ಯಾಲಿಯ ಫ್ಯಾದಮ್ ಆಟದಲ್ಲಿದ್ದ ಕಡಲಾಳದ ಮತ್ಸ್ಯಕನ್ಯೆಯರು ಹೋಗಿ ಗಿಡುಗ-ಮನುಷ್ಯ ಹಾಕ್‌ಮನ್ ಬಂದ!

ಹಾಗಾದರೆ ಬರೀ ನಕಲು ಅಲ್ವಾ ಅಂತ ಕೇಳಬಹುದು. ಪರವಾನಗಿ ಇತ್ತೋ ಇಲ್ಲವೋ ಅನ್ನುವುದು ಕಾಗದಪತ್ರದ ಮಾತು, ಫೋಟೋ ನೋಡಿ ತೀರ್ಮಾನಿಸುವಂಥದ್ದಲ್ಲ. ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಒಳಗಿನ ಸರ್ಕ್ಯೂಟ್ ಬೋರ್ಡ್. ವಿಲಿಯಮ್ಸ್ ಯಂತ್ರದ್ದು ಮೊಟೊರೊಲಾ 6800 ವಂಶದ ಚಿಪ್. ಟೈಟೊದವರು ಬಳಸಿದ್ದು ಇಂಟೆಲ್ 8080. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುವುದೇ ಇಲ್ಲ. ಅಂದರೆ ಯಾವ ಗುರಿಗೆ ಎಷ್ಟು ಅಂಕ, ಯಾವ ದೀಪ ಯಾವಾಗ ಹೊತ್ತಬೇಕು, ಅಯಸ್ಕಾಂತ ಯಾವಾಗ ಎಳೆಯಬೇಕು, ಇದನ್ನೆಲ್ಲ ಅಲ್ಲಿ ಯಾರೋ ಕೂತು ಹೊಸದಾಗಿ ಬರೆದಿದ್ದಾರೆ. ಹಲಗೆಯನ್ನು ನೋಡಿ ನಕಲು ಇಳಿಸಬಹುದು, ಪ್ರೋಗ್ರಾಂ ಅನ್ನು ಹಾಗೆ ಇಳಿಸಲಾಗದು. ನಕಲು ಅಂತ ಮೂಗು ಮುರಿಯುವವರು ಈ ಕೆಲಸವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಬೋರ್ಡ್ ಕೆಟ್ಟರೆ ಬ್ಲ್ಯಾಕ್ ನೈಟ್‌ನದ್ದನ್ನು ತಂದು ಹಾಗೇ ಕೂರಿಸಲು ಆಗುವುದಿಲ್ಲ. ಟೈಟೊದ್ದೇ ಬೋರ್ಡ್ ಹುಡುಕಬೇಕು, ಇಲ್ಲವೇ ಅದನ್ನು ರಿಪೇರಿ ಮಾಡಬಲ್ಲವರನ್ನು.